ಬರೀ ಬೀಡಿಂಗ್ ಅಲ್ವಾ!

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹಿರಿಯರು ಬಂದು ಬಾಗಿಲು ತಟ್ಟಿದರು. ಕೈಯಲ್ಲಿ ಹಳೆಯ ಹ್ಯಾಕ್‌ಸಾ ಬ್ಲೇಡಿನ ತುಂಡು. ಅದರ ತುದಿ ಕಾಯಿಸಿ ಕೊಕ್ಕೆಯ ಹಾಗೆ ಬಗ್ಗಿಸಿದ್ದರು. "ನಿಮ್ಮ ಮೋರಿಸ್ ಕಾರಿನ ಬಾಗಿಲು ನೀರು ಕುಡೀತಾ ಇದೆ. ಗಾಜಿನ ಮೇಲಿನ ಗೀರು ನೋಡಿದೆ. ಕಿಟಕಿಯ ರಬ್ಬರ್ ಬದಲಾಯಿಸುವಾಗ ಇದು ಬೇಕಾಗುತ್ತೆ, ಇಟ್ಕೊಳ್ಳಿ" ಅಂದರು. ಅಷ್ಟೇ ಹೇಳಿ ಹೊರಟುಹೋದರು.

ನನಗೆ ಖುಷಿಯೂ ಆಯಿತು, ಎದೆಯೊಳಗೆ ಏನೋ ಚುಚ್ಚಿದ ಹಾಗೂ ಆಯಿತು. ತೀರ್ಥಹಳ್ಳಿಯಲ್ಲಿ ನಮ್ಮ ಅಪ್ಪಯ್ಯನ ಕಾರಿಗೆ ಈ ಮಾತು ಹೇಳುವವರು ಒಬ್ಬರೂ ಇರಲಿಲ್ಲವಲ್ಲ.

ನಾನಿರುವುದು ಆಕ್ಸ್‌ಫರ್ಡ್‌ನ ಕೌಲಿಯಲ್ಲಿ. ಮೋರಿಸ್ ಕಾರುಗಳ ತವರು ಇದು. ನನ್ನದು 1967ರ ಮೋರಿಸ್ ಮೈನರ್. 1948ರಿಂದ 1971ರ ತನಕ 16 ಲಕ್ಷಕ್ಕೂ ಜಾಸ್ತಿ ತಯಾರಾದ ಕಾರು. ನಮ್ಮ ಅಂಬಾಸಿಡರ್‌ನ ಮೂಲವೂ ಇಲ್ಲಿಯದೇ, ಮೋರಿಸ್ ಆಕ್ಸ್‌ಫರ್ಡ್‌ನ ಮೂರನೇ ಸೀರೀಸ್. ಹಾಗಾಗಿ ಮೈನರ್ ಸ್ಟೀರಿಂಗ್ ಹಿಡಿದಾಗೆಲ್ಲ ಅಪ್ಪಯ್ಯ ನೆನಪಾಗುತ್ತಾರೆ.

ಅಪ್ಪಯ್ಯನದು 1982ರ ಮಾರ್ಕ್ 4 ಅಂಬಾಸಿಡರ್. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಿ ಬಂದದ್ದಕ್ಕೆ ಲೆಕ್ಕವೇ ಇಲ್ಲ. ನನಗೆ ಬುದ್ಧಿ ಬರುವ ಹೊತ್ತಿಗೆ ಅದರ ಕಿಟಕಿ ಬೀಡಿಂಗ್, ಅಂದರೆ ಗಾಜಿನಂಚಿನ ರಬ್ಬರ್ ಪಟ್ಟಿ, ಒಣಗಿದ ಅಡಿಕೆ ಹಾಳೆಯ ಹಾಗೆ ಸೆಟೆದು ನಿಂತಿತ್ತು. ಮಳೆಗಾಲದಲ್ಲಿ ಬ್ರೇಕ್ ಹಾಕಿದರೆ ಬಾಗಿಲೊಳಗೆ ಗುಳುಗುಳು ಅಂತ ಶಬ್ದ. ಮಕ್ಕಳಿಗೆ ಅದೊಂದು ಆಟ. ಅಪ್ಪಯ್ಯ ಕೇಳಿದಾಗ ಗ್ಯಾರೇಜ್ ಮೇಸ್ತ್ರಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಗೌಡ್ರೇ, ಬರೀ ಬೀಡಿಂಗ್ ಅಲ್ವಾ, ಓಡೋಕೇನೂ ತೊಂದ್ರೆ ಇಲ್ಲ ಬಿಡಿ." ಅಪ್ಪಯ್ಯನೂ ಹೂಂ ಅಂದರು. ಅದೇ ವಾರ ಹೊಸ ಸೀಟ್ ಕವರ್ ಹಾಕಿಸಿದರು.

ಎರಡು ಮೂರು ಮಳೆಗಾಲ ಕಳೆದ ಮೇಲೆ ಬಾಗಿಲಿನ ಕೆಳಭಾಗ ನೀರ್ದೋಸೆಯ ಹಾಗೆ ತೂತು ತೂತು. ತಗಡು ವೆಲ್ಡ್ ಮಾಡಿಸಿದ್ದಾಯಿತು, ಪುಟ್ಟಿ ಮೆತ್ತಿ ಪೇಂಟ್ ಹೊಡೆಸಿದ್ದಾಯಿತು. ಮುಂದಿನ ಮಳೆಗೆ ಮತ್ತೆ ಅದೇ. ಕೊನೆಗೆ ಗುಜರಿ ರೇಟಿಗೆ ಕೊಟ್ಟೆವು. ಇಂಜಿನ್ ಗುಂಡುಕಲ್ಲಿನ ಹಾಗಿತ್ತು.

ಕಿಟಕಿ ಗಾಜು ಬಾಗಿಲೊಳಗೆ ಇಳಿಯುತ್ತದಲ್ಲ, ಆ ಸಂದಿಯ ಹೊರಗಡೆ ಒಂದು ರಬ್ಬರ್ ಪಟ್ಟಿ, ಒಳಗಡೆ ಇನ್ನೊಂದು. ಹೊರಗಿನದು ಮಳೆನೀರನ್ನು ಒರೆಸಿ ಆಚೆ ತಳ್ಳುತ್ತದೆ. ಎಷ್ಟೇ ಹೊಸದಿದ್ದರೂ ಸ್ವಲ್ಪ ನೀರು ಒಳಗೆ ಇಳಿದೇ ಇಳಿಯುತ್ತದೆ. ಅದು ಹೋಗಲಿ ಅಂತಲೇ ಬಾಗಿಲಿನ ತಳದಲ್ಲಿ ತೂತು ಬಿಟ್ಟಿರುತ್ತಾರೆ. ರಬ್ಬರ್ ಬಿಸಿಲಿಗೆ ಸೆಟೆದು ಸೀಳಿದರೆ ನೀರು ಜಾಸ್ತಿ, ಜೊತೆಗೆ ಧೂಳು, ಉದುರಿದ ರಬ್ಬರ್ ಪುಡಿ. ಎಲ್ಲ ಸೇರಿ ತೂತು ಕಟ್ಟಿಕೊಳ್ಳುತ್ತದೆ. ತುಕ್ಕು ಒಳಗಿನಿಂದ ಶುರುವಾಗುತ್ತದೆ. ಹೊರಗೆ ಪೇಂಟ್ ಗುಳ್ಳೆ ಎದ್ದಾಗಲೇ ನಮ್ಮ ಕಣ್ಣಿಗೆ ಬೀಳೋದು. ಅಷ್ಟರಲ್ಲಿ ತಗಡು ಮುಗಿದಿರುತ್ತದೆ.

ನನ್ನ ಮೈನರ್‌ಗೆ ಹೊಸ ಪಟ್ಟಿ ಮತ್ತು ಅದನ್ನು ಹಿಡಿದಿಡುವ ಕ್ಲಿಪ್‌ಗಳು ನಾಲ್ಕೇ ದಿನಕ್ಕೆ ಅಂಚೆಯಲ್ಲಿ ಬಂದವು. ಐವತ್ತು ವರ್ಷ ದಾಟಿದ ಕಾರಿಗೆ! ಗಾಜು ಪೂರ್ತಿ ಇಳಿಸಿದೆ. ಹಿಡಿ ಬಿಚ್ಚಿ ಒಳಗಿನ ಹಲಗೆ ತೆಗೆದೆ. ಹಳೇ ರಬ್ಬರ್ ಕೈಯಲ್ಲೇ ಪುಡಿಯಾಯಿತು. ತಳದ ತೂತಿಗೆ ತಂತಿ ಹಾಕಿ ತಿರುವಿದರೆ ಕಾಫಿ ಚರಟದಂಥ ಕಪ್ಪು ಕೆಸರು ಒಂದು ಬೊಗಸೆಯಷ್ಟು ಬಂತು. ಬ್ರಷ್ ಹಾಕಿ ತಿಕ್ಕಿ, ಪ್ರೈಮರ್ ಹೊಡೆದು ಒಂದು ದಿನ ಬಿಟ್ಟೆ.

ಕ್ಲಿಪ್ ಕೂರಿಸುವಾಗಲೇ ಆ ಕೊಕ್ಕೆಯ ಬೆಲೆ ಗೊತ್ತಾಗಿದ್ದು. ಕ್ಲಿಪ್ ಬಾಗಿಲೊಳಗೆ ಇರುತ್ತದೆ, ಬೆರಳು ಹೋಗುವುದಿಲ್ಲ. ಸಂದಿಯಲ್ಲಿ ಕೊಕ್ಕೆ ಇಳಿಸಿ, ಕ್ಲಿಪ್ಪಿನ ಕೆಳಗೆ ಸಿಕ್ಕಿಸಿ ಮೇಲಕ್ಕೆಳೆದರೆ ಟಕ್ ಅಂತ ಕೂರುತ್ತದೆ. ಮೊದಲನೆಯದಕ್ಕೆ ಅರ್ಧ ಗಂಟೆ, ಕೊನೆಯದಕ್ಕೆ ಅರ್ಧ ನಿಮಿಷ. ನಡುವೆ ಹಿರಿಯರು ಬೇಲಿಯ ಆಚೆಯಿಂದಲೇ ಒಂದು ಮಾತು ಹೇಳಿದರು: "ರಬ್ಬರ್ ಎಳೆದು ಕೂರಿಸಬೇಡಿ. ಎಳೆದದ್ದು ಆಮೇಲೆ ಕುಗ್ಗುತ್ತೆ, ಮೂಲೆಯಲ್ಲಿ ಸಂದಿ ಬೀಳುತ್ತೆ." ಅದಕ್ಕೇ ಅರ್ಧ ಇಂಚು ಜಾಸ್ತಿ ಬಿಟ್ಟೇ ಕತ್ತರಿಸಿದೆ.

ನನಗೆ ಊರಿನ ಮೇಲೆ ಸಿಟ್ಟು ಬರುವುದು ಇಲ್ಲೇ. ಕಣ್ಣಿಗೆ ಕಾಣುವುದನ್ನು ನಾವು ಚೆನ್ನಾಗಿ ನೋಡಿಕೊಳ್ಳುತ್ತೇವೆ. ಆಯುಧಪೂಜೆಗೆ ಗಾಡಿ ತೊಳೆದು, ಕುಂಕುಮ ಇಟ್ಟು, ಹಾರ ಹಾಕಿ ಕೈ ಮುಗಿಯುತ್ತೇವೆ. ಅದೇ ಗಾಡಿಯ ಬಾಗಿಲ ತಳಕ್ಕೆ ಒಂದು ತಂತಿ ಹಾಕುವುದಿಲ್ಲ. ಇಲ್ಲಿ ಪೂಜೆ ಇಲ್ಲ, ಆದರೆ ಒಂದು ರಬ್ಬರ್ ಪಟ್ಟಿಗೂ ಮರ್ಯಾದೆ ಇದೆ. ಬೆಂಗಳೂರಿನ ಜೆಸಿ ರೋಡಿನಲ್ಲಿ ಹುಡುಕಿದ್ದರೆ ಆ ಕಾಲಕ್ಕೆ ಅಂಬಾಸಿಡರ್ ಬೀಡಿಂಗ್ ಖಂಡಿತ ಸಿಗುತ್ತಿತ್ತು. ನಾವು ಹುಡುಕಲಿಲ್ಲ, ಅಷ್ಟೆ.

ಇಷ್ಟು ಬರೆದು ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನಿಗೆ ಬೇಜಾರಾಯಿತು. "ನಿನ್ನ ಕಾರು ತಿಂಗಳಿಗೆ ಎರಡು ಸಲ ಹೊರಗೆ ಬರುತ್ತೆ. ಅಪ್ಪಯ್ಯನ ಕಾರು ದಿನಾ ದುಡೀತಿತ್ತು ಮಾರಾಯ" ಅಂದ. ಹೌದು. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟುತ್ತದೆ ಮಳೆ. ಆಕ್ಸ್‌ಫರ್ಡ್‌ನಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಇಲ್ಲಿಯವರು ತಾವೇ ಕೈ ಹಾಕುವುದಕ್ಕೂ ಬರೀ ಪ್ರೀತಿ ಕಾರಣ ಅಲ್ಲ. ಗ್ಯಾರೇಜಿನವರು ಗಂಟೆ ಲೆಕ್ಕದಲ್ಲಿ ಕೇಳುವ ದುಡ್ಡು ಕೊಡೋಕಾಗದೆ ಕಲಿತವರೇ ಜಾಸ್ತಿ.

ಅಣ್ಣ ಇನ್ನೊಂದು ನೆನಪಿಸಿದ. ಒಂದು ಜುಲೈ ರಾತ್ರಿ ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವಾಗ ಘಾಟಿಯ ತಿರುವಿನಲ್ಲಿ ಕಾರು ನಿಂತುಬಿಟ್ಟಿತ್ತು. ಅದೇ ಮೇಸ್ತ್ರಿ ಲಾರಿ ಹತ್ತಿ ಬಂದ. ತಲೆ ಮೇಲೆ ಗೋಣಿಕೊಪ್ಪೆ, ಬಾಯಲ್ಲಿ ಟಾರ್ಚ್. ಫ್ಯೂಯೆಲ್ ಪಂಪ್ ಬಿಚ್ಚಿ ಸರಿ ಮಾಡಿ ಕಳಿಸಿದ. ದುಡ್ಡು ಕೊಡಹೋದರೆ "ಮೊದ್ಲು ಅಮ್ಮನ್ನ ಕರ್ಕೊಂಡ್ ಹೋಗಿ ಗೌಡ್ರೇ" ಅಂದನಂತೆ. ನಾನಾಗ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದೆ.

ಮೇಸ್ತ್ರಿ ಈಗಿಲ್ಲ. ಮಗ ಗ್ಯಾರೇಜ್ ನೋಡಿಕೊಳ್ಳುತ್ತಿದ್ದಾನೆ. ಅಣ್ಣನ ಹಳೇ ಓಮ್ನಿ ಅಲ್ಲಿಗೇ ಹೋಗುತ್ತದೆ. ಅದರ ಬಾಗಿಲ ತಳದಲ್ಲೂ ಪೇಂಟ್ ಗುಳ್ಳೆ ಎದ್ದಿದೆಯಂತೆ. ಜೂನ್‌ನಲ್ಲಿ ಊರಿಗೆ ಹೋಗುತ್ತಿದ್ದೇನೆ. ಕೊಕ್ಕೆಯನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಅಳತೆ ತೆಗೆದುಕೊಂಡಿದ್ದೇನೆ. ಹ್ಯಾಕ್‌ಸಾ ಬ್ಲೇಡ್ ಮೇಸ್ತ್ರಿಯ ಮಗನ ಹತ್ತಿರ ಇದ್ದೇ ಇರುತ್ತದೆ.