ಓಡಿಸುವವನ ಕಾರು, ಕೂರುವವರ ಕಾರು

ಗಂಗಾವತಿಯಲ್ಲಿ ರೈಸ್ ಮಿಲ್ ನಡೆಸುವ ನಮ್ಮ ದೊಡ್ಡಪ್ಪನ ಮಗ ಸೆಕೆಂಡ್ ಹ್ಯಾಂಡ್ ಲಕ್ಷುರಿ ಕಾರು ಹುಡುಕುತ್ತಿದ್ದಾರೆ. ಎರಡು ಗಾಡಿ ಮನಸ್ಸಿಗೆ ಬಂದಿವೆ. ಒಂದು ಬೆಂಗಳೂರಿನಲ್ಲಿರುವ 2018ರ ಮರ್ಸಿಡಿಸ್ ಇ 220ಡಿ. ಇನ್ನೊಂದು ಹೈದರಾಬಾದಿನಲ್ಲಿರುವ ಅದೇ ವರ್ಷದ ಬಿಎಂಡಬ್ಲ್ಯೂ 530ಡಿ ಎಂ ಸ್ಪೋರ್ಟ್. 'ಎರಡೂ ನೀನಿರೋ ದೇಶದವೇ ಅದಾವು, ಯಾವುದು ತಗೋಬೇಕು ಹೇಳಪ' ಅಂತ ಅಣ್ಣ ಕೇಳಿದರು. ನಾನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇರುವುದರಿಂದ ಬಿಎಂಡಬ್ಲ್ಯೂ ಅನ್ನುತ್ತೇನೆ, ಇಲ್ಲಿಯ ಹೆದ್ದಾರಿಯಾದ ಆಟೋಬಾನ್ ಮೇಲೆ ಹಾರುವ ಕಾರು ಅದೇ ಅಲ್ವಾ ಅಂತ ಅವರ ಲೆಕ್ಕ. ನಾನು ಹೇಳಿದ್ದು ಮರ್ಸಿಡಿಸ್. ಅಣ್ಣನಿಗಷ್ಟೇ ಅಲ್ಲ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಾಡುವ ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯ ಯಾರೇ ಕೇಳಿದರೂ ಇದನ್ನೇ ಹೇಳುತ್ತೇನೆ. ನಮ್ಮ ಕಡೆಗೆ ಆರಾಮಿನ ಗಾಡಿಯೇ ಸರಿ.

ಯಾಕೆ ಅಂತ ಹೇಳಲು ಮೊದಲು ಇಲ್ಲಿಯವರು ಕಾರನ್ನು ಹೇಗೆ ನೋಡುತ್ತಾರೆ ಅಂತ ಹೇಳಬೇಕು. ಜರ್ಮನಿಯಲ್ಲಿ ಕಾರು ಕೊಳ್ಳುವವನೇ ಅದನ್ನು ಓಡಿಸುವವನು. ಸಂಬಳ ಕೊಟ್ಟು ಡ್ರೈವರ್ ಇಟ್ಟುಕೊಂಡವರು ಬಹಳ ಅಪರೂಪ. ಹಿಂದಿನ ಸೀಟು ಮಕ್ಕಳಿಗೆ, ಬ್ಯಾಗಿಗೆ, ನಾಯಿಗೆ. ಆಟೋಬಾನಿನ ಬಹುಭಾಗದಲ್ಲಿ ವೇಗಕ್ಕೆ ಮಿತಿಯಿಲ್ಲ. ಗಂಟೆಗೆ 130 ಕಿ.ಮೀ. ಅನ್ನುವುದು ಬರೀ ಸಲಹೆ. ಎಡಗಡೆಯ ಲೇನಿನಲ್ಲಿ 180ರಲ್ಲಿ ಹೋಗುತ್ತಿರುವಾಗ ಮುಂದೆ ಒಂದು ಲಾರಿ ಇನ್ನೊಂದನ್ನು ಹಿಂದಿಕ್ಕಲು ಹೊರಬಂದರೆ, ಗಟ್ಟಿ ಸಸ್ಪೆನ್ಷನ್ (ಚಕ್ರದ ಕುಲುಕು ತಡೆಯುವ ಸ್ಪ್ರಿಂಗಿನ ಜೋಡಣೆ), ಚುರುಕು ಸ್ಟೀರಿಂಗ್, ನೆಲ ಬಿಡದ ಟೈರು ಜೀವ ಉಳಿಸುತ್ತವೆ. ಅಲ್ಲಿ ಸ್ಪೋರ್ಟಿ ಕಾರು ಶೋಕಿಯಲ್ಲ. ಆ ರಸ್ತೆಗೆಂದೇ ಹುಟ್ಟಿದ ಗಾಡಿ ಅದು.

ಇನ್ನು ಇ 220ಡಿ ಸೇರಿರುವ ಮರ್ಸಿಡಿಸ್ ಇ-ಕ್ಲಾಸ್ ಇಲ್ಲಿ ಏನು ಗೊತ್ತಾ? ಟ್ಯಾಕ್ಸಿ. ರೈಲ್ವೆ ಸ್ಟೇಷನ್ ಮುಂದೆ ದಂತದ ಬಣ್ಣದ ಇ-ಕ್ಲಾಸುಗಳು ಸಾಲಾಗಿ ನಿಂತಿರುತ್ತವೆ. ದಿನವಿಡೀ ಬೇರೆಯವರನ್ನು ಕೂರಿಸಿಕೊಂಡು ತಿರುಗುವವನು ಆರಿಸಿಕೊಳ್ಳುವ ಕಾರು ಅದು. ಅವನಿಗೆ ಪಿಕಪ್ಪಿಗಿಂತ ಮುಖ್ಯವಾದದ್ದು ಲಕ್ಷಗಟ್ಟಲೆ ಕಿಲೋಮೀಟರ್ ತಾಳಿಕೆ, ಹಿಂದೆ ಕೂತವರು ಗೊಣಗದೆ ಇಳಿದು ಹೋಗುವುದು. ಅಣ್ಣನಿಗೆ ಇದನ್ನು ಹೇಳಿದಾಗ ಅವರ ಮುಖ ಸಪ್ಪಗಾಯಿತು. ನನಗಂತೂ ಆ ಕಾರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಇನ್ನೊಂದು ವಿಷಯ ನಮ್ಮವರು ಗಮನಿಸಬೇಕು. ಭಾರತದಲ್ಲಿ 2017ರಿಂದ ಮಾರಿದ ಇ-ಕ್ಲಾಸ್ ಉದ್ದ ಮಾಡಿದ ಕಾರು. ಪುಣೆ ಹತ್ತಿರದ ಚಾಕಣದಲ್ಲಿ ಜೋಡಿಸಿದ್ದು. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 3079 ಮಿ.ಮೀ. ಮಾಮೂಲಿ ಇ-ಕ್ಲಾಸಿಗಿಂತ 140 ಮಿ.ಮೀ. ಜಾಸ್ತಿ. ಹೆಚ್ಚುಕಡಿಮೆ ಅಷ್ಟೂ ಹಿಂದಿನ ಸೀಟಿನವರ ಕಾಲಿಗೆ ಸಿಕ್ಕಿದೆ. ಜರ್ಮನಿಯ ರಸ್ತೆಯಲ್ಲಿ ಈ ಉದ್ದದ ಇ-ಕ್ಲಾಸ್ ಕಾಣುವುದೇ ಇಲ್ಲ. ಅದನ್ನು ಮಾಡಿದ್ದೇ ಯಜಮಾನ ಹಿಂದೆ ಕೂರುವ ಚೀನಾ, ಭಾರತದಂಥ ದೇಶಗಳಿಗೆ. 530ಡಿ ಸೇರಿರುವ, ಅದೇ ಹೊತ್ತಿನ ಬಿಎಂಡಬ್ಲ್ಯೂ 5 ಸೀರೀಸಿನಲ್ಲಿ ಈ ಅಳತೆ 2975 ಮಿ.ಮೀ. ಓಡಿಸುವ ಸುಖಕ್ಕೇ ಹೆಸರಾದ ಬಿಎಂಡಬ್ಲ್ಯೂ ಕೂಡ 2024ರಲ್ಲಿ ಭಾರತಕ್ಕೆ ತಂದ ಹೊಸ 5 ಸೀರೀಸನ್ನು 3105 ಮಿ.ಮೀ.ಗೆ ಎಳೆಯಿತು. ನಮ್ಮ ಜನ ಕಾರಿನಲ್ಲಿ ಎಲ್ಲಿ ಕೂರುತ್ತಾರೆ ಅನ್ನುವುದು ಆ ಕಂಪನಿಗೂ ಅರ್ಥವಾಗಿದೆ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಕಾರು ಹೊರಡುವುದು ಯಾವಾಗ? ಹುಣ್ಣಿಮೆಗೆ ಹುಲಿಗಿಗೆ, ವರ್ಷಕ್ಕೊಮ್ಮೆ ಮಂತ್ರಾಲಯಕ್ಕೆ, ಮದುವೆ ಸೀಸನ್ನಿನಲ್ಲಿ ಸಿಂಧನೂರು, ಮಾನ್ವಿ, ಸಿರುಗುಪ್ಪಕ್ಕೆ, ಆಸ್ಪತ್ರೆ ಅಂದರೆ ಹುಬ್ಬಳ್ಳಿಗೋ ಹೈದರಾಬಾದಿಗೋ. ಪ್ರತಿ ಸಲವೂ ಹಿಂದೆ ದೊಡ್ಡಮ್ಮ ಇರುತ್ತಾರೆ. ಅವರಿಗೆ ಎರಡೂ ಮಂಡಿ ನೋವು. ಅವರು ಕಾರು ಹತ್ತುವುದನ್ನು ಒಮ್ಮೆ ನೋಡಬೇಕು. ಮೊದಲು ಬಾಗಿಲ ಕಡೆ ಬೆನ್ನು ಮಾಡಿ ಸೀಟಿನ ಅಂಚಿಗೆ ಅಡ್ಡಡ್ಡ ಕೂರುತ್ತಾರೆ. ಆಮೇಲೆ ಸೀರೆ ಸರಿಮಾಡಿಕೊಂಡು ಬಲಗಾಲನ್ನು ಕೈಯಿಂದ ಎತ್ತಿ ಒಳಗಿಡುತ್ತಾರೆ. ಆಮೇಲೆ ಎಡಗಾಲು. ಬಾಗಿಲ ಸಂದು ಕಿರಿದಾಗಿದ್ದರೆ ಆ ಎಡಗಾಲು ಒಳಗೆ ಬರುವುದೇ ಕಷ್ಟ. ಉದ್ದದ ಇ-ಕ್ಲಾಸಿನಲ್ಲಿ ಹಿಂದಿನ ಬಾಗಿಲೂ ಉದ್ದ. ಆ 140 ಮಿ.ಮೀ.ನ ಬೆಲೆ ಗೊತ್ತಾಗುವುದು ಶೋರೂಮಿನಲ್ಲಲ್ಲ, ಇಲ್ಲಿ.

ಈಗ ರಸ್ತೆಗೆ ಬರೋಣ. ಮೆತ್ತಗಿನ ಸಸ್ಪೆನ್ಷನ್ ಬೇಕು ಅಂದರೆ 'ಈಗ ರೋಡು ಭಾಳ ಚಲೋ ಆಗ್ಯಾವಲ್ಲ' ಅನ್ನುತ್ತಾರೆ ಅಣ್ಣ. ನಿಜ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ 50ನೇ ಹೆದ್ದಾರಿ ಚೆನ್ನಾಗಿದೆ. ಆದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಇರುವುದು ಎರೆ ಭೂಮಿಯ ಮೇಲೆ. ಎರೆಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲೆ ಎಂಥ ಡಾಂಬರು ಹಾಕಿದರೂ ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಅಲೆ ಅಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಹೊಂಡ ಇರುವುದಿಲ್ಲ, ಆದರೂ ಕಾರು ತೊಟ್ಟಿಲಾಡುತ್ತದೆ. ಭತ್ತದ ಕಾಲದಲ್ಲಿ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿದ ಟ್ರ್ಯಾಕ್ಟರು ಗದ್ದೆಯಿಂದ ನೇರ ಟಾರ್ ರಸ್ತೆಗೆ ಹತ್ತಿದರೆ ಅದರ ಹಲ್ಲಿನ ಗುರುತು ರಸ್ತೆಯ ತುಂಬ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿಗಳ ಭಾರಕ್ಕೆ ರಸ್ತೆ ಎರಡು ಕಾಲುವೆಯಂತೆ ತಗ್ಗಾಗಿರುತ್ತದೆ. ಊರು ಬಂದರೆ ಬಣ್ಣವಿಲ್ಲದ ಹಂಪು. ರಾಶಿ ಮಾಡುವ ಹೊತ್ತಿನಲ್ಲಿ ರಸ್ತೆಯ ಅರ್ಧ ಕಣವಾಗಿರುತ್ತದೆ. ಆ ಹುಲ್ಲಿನ ಮೇಲೆ ತಗ್ಗು ಕಾರು ಹತ್ತಿಸಬೇಡಿ, ಬಿಸಿ ಸೈಲೆನ್ಸರಿಗೆ ಹುಲ್ಲು ಸಿಕ್ಕಿಕೊಂಡರೆ ಬೆಂಕಿ ಹತ್ತುತ್ತದೆ.

ಇಂಥ ರಸ್ತೆಯಲ್ಲಿ ಟೈರಿನ ಮೇಲೆ ಬರೆದ ಅಂಕಿಗಳೇ ಅರ್ಧ ಕಥೆ ಹೇಳುತ್ತವೆ. ಒಂದು ಕಾರಿನಲ್ಲಿ 225/55 ಆರ್ 17 ಅಂತ ಇದೆ ಅನ್ನಿ. ಅಗಲ 225 ಮಿ.ಮೀ., ಅದರ ಶೇ 55ರಷ್ಟು ಟೈರಿನ ಗೋಡೆ. ಅಂದರೆ ಚಕ್ರದ ಲೋಹದ ಡಿಸ್ಕಿಗೂ ರಸ್ತೆಗೂ ನಡುವೆ ಸುಮಾರು 124 ಮಿ.ಮೀ. ರಬ್ಬರು, ಗಾಳಿ. ಇನ್ನೊಂದರಲ್ಲಿ 245/40 ಆರ್ 19 ಇದ್ದರೆ ಅದು 98 ಮಿ.ಮೀ. ಆ ಎರಡು ಬೆರಳಿನಷ್ಟು ವ್ಯತ್ಯಾಸವೇ ಹಂಪಿನ ಮೇಲೆ 'ಧಡ್' ಅನ್ನುವುದಕ್ಕೂ 'ದುಬ್' ಅನ್ನುವುದಕ್ಕೂ ಇರುವ ವ್ಯತ್ಯಾಸ. ಕುಸಿದ ಅಂಚಿಗೆ ರಭಸದಿಂದ ಬಿದ್ದರೆ ಡಿಸ್ಕ್ ಸೊಟ್ಟಗಾಗುವುದೂ ಸಣ್ಣ ಗೋಡೆಯ ಟೈರಿನಲ್ಲೇ ಜಾಸ್ತಿ. ರನ್‌ಫ್ಲಾಟ್ ಟೈರಾದರೆ ಗೋಡೆ ಇನ್ನೂ ಗಡುಸು. ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ಹೋಗಬಹುದು ಅನ್ನುವುದು ಅದರ ಗುಣ. ಜರ್ಮನಿಯಲ್ಲಿ ಅಷ್ಟರೊಳಗೆ ಟೈರ್ ಅಂಗಡಿ ಸಿಕ್ಕೇ ಸಿಗುತ್ತದೆ. ಲಿಂಗಸೂರು ದಾಟಿದ ಮೇಲೆ ರಾತ್ರಿ ಹತ್ತಕ್ಕೆ ಆ ಅಳತೆಯ ಟೈರನ್ನು ಯಾರು ಕೊಡುತ್ತಾರೆ?

ಬಿಎಂಡಬ್ಲ್ಯೂಗೆ ಅನ್ಯಾಯ ಮಾಡುವುದು ನನಗೆ ಇಷ್ಟವಿಲ್ಲ. 530ಡಿಯಲ್ಲಿ ಆರು ಸಿಲಿಂಡರ್ ಎಂಜಿನ್ನಿದೆ, 265 ಹಾರ್ಸ್‌ಪವರ್, 620 ನ್ಯೂಟನ್ ಮೀಟರ್ ಟಾರ್ಕ್. ಇ 220ಡಿಯಲ್ಲಿ ನಾಲ್ಕೇ ಸಿಲಿಂಡರ್, 194 ಹಾರ್ಸ್‌ಪವರ್, 400 ನ್ಯೂಟನ್ ಮೀಟರ್. ಕಾಲಿಟ್ಟ ಕೂಡಲೇ ಯಾವುದು ಹಾರುತ್ತದೆ ಅಂತ ಕೇಳುವುದೇ ಬೇಡ. ಆ ಎಂಜಿನ್ನಿನ ಸದ್ದು, ಓಟ ಎರಡೂ ನನಗೆ ಬಲು ಇಷ್ಟ. ಒಬ್ಬನೇ ಓಡಿಸುವ, ವಾರಕ್ಕೊಮ್ಮೆ ಹೊಸಪೇಟೆಯಿಂದ ಬೆಂಗಳೂರಿಗೆ ಹೆದ್ದಾರಿಯಲ್ಲೇ ಹೋಗಿಬರುವ, ಮನೆಯಲ್ಲಿ ಇನ್ನೊಂದು ಗಾಡಿ ಇರುವ ಹುಡುಗ ಕೇಳಿದರೆ ತಗೋ ಅನ್ನುತ್ತೇನೆ. ಉದ್ದದ ಇ-ಕ್ಲಾಸಿಗೂ ತನ್ನದೇ ತೊಂದರೆ ಇದೆ. ಎರಡು ಚಕ್ರದ ನಡುವೆ ಅಷ್ಟು ದೂರ ಇರುವುದರಿಂದ ಎತ್ತರದ ಹಂಪಿನಲ್ಲಿ ಹೊಟ್ಟೆ ತಾಗುತ್ತದೆ. ಓರೆಯಾಗಿ ಹತ್ತಿಸಬೇಕು. ಬಳ್ಳಾರಿ ಕೌಲ್ ಬಜಾರಿನ ಗಲ್ಲಿಯಲ್ಲಿ ಐದು ಮೀಟರಿಗೂ ಉದ್ದದ ಕಾರು ತಿರುಗಿಸುವುದು ಸುಲಭವಲ್ಲ. ಆದರೂ ಹೆದ್ದಾರಿಯಲ್ಲೇ 100 ಮಿತಿ ಇರುವಾಗ, ಊರ ರಸ್ತೆಯಲ್ಲಿ 50-60 ದಾಟಲು ಆಗದಿರುವಾಗ, ಆ ಹೆಚ್ಚಿನ ಎಪ್ಪತ್ತು ಹಾರ್ಸ್‌ಪವರನ್ನು ಎಲ್ಲಿ ಖರ್ಚು ಮಾಡುವುದು? ಗಡುಸು ಸಸ್ಪೆನ್ಷನ್ ಮಾತ್ರ ದಿನವೂ ಸೊಂಟಕ್ಕೆ ಲೆಕ್ಕ ಕೊಡುತ್ತದೆ.

ನಮ್ಮ ಭಾಗದಲ್ಲಿ ಇಂಥ ಕಾರಿನ ಆಸೆ ಬೆಳೆದದ್ದು ಗಣಿಯ ಕಾಲದಲ್ಲಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸುವವರೆಗೆ ರಸ್ತೆಯಲ್ಲಿ ಕಂಡ ಕಾರುಗಳು ಆಗಿನ ಹುಡುಗರ ಕಣ್ಣಿನಲ್ಲಿ ಉಳಿದುಬಿಟ್ಟವು. ಆಸೆ ತಪ್ಪಲ್ಲ. ಆದರೆ ಕಾರು ಬಂದಾಗ ಊರಿನವರು ತಿರುಗಿ ನೋಡಬೇಕು ಅನ್ನುವ ಲೆಕ್ಕ ಇವತ್ತಿಗೂ ಆಯ್ಕೆಯಲ್ಲಿ ಸೇರಿಕೊಳ್ಳುತ್ತದೆ. ಊರು ನೋಡುವುದು ಮೊದಲ ವಾರ. ಕೂರುವವರು ಕೂರುವುದು ಐದಾರು ವರ್ಷ.

ಇಲ್ಲಿಯವರಿಂದ ನಾವು ಕಲಿಯಲೇಬೇಕಾದದ್ದು ಕೊಳ್ಳುವ ರೀತಿ. ಜರ್ಮನಿಯಲ್ಲಿ ಹಳೆ ಕಾರು ತೋರಿಸುವವನು ಬಾನೆಟ್ ಎತ್ತುವ ಮೊದಲು ಕಾಗದ ಹರಡುತ್ತಾನೆ. ಮೊದಲ ಮೂರು ವರ್ಷ ಆದಮೇಲೆ ಪ್ರತಿ ಕಾರಿಗೂ ಎರಡು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಬ್ರೇಕು, ಹೊಗೆ, ತುಕ್ಕು ಎಲ್ಲ ನೋಡಿ, ಸಣ್ಣ ದೋಷವನ್ನೂ ವರದಿಯಲ್ಲಿ ಬರೆದು ಕೊಡುತ್ತಾರೆ. ಸರ್ವಿಸ್ ಪುಸ್ತಕದಲ್ಲಿ ಮುದ್ರೆಗಳು ಸಾಲಾಗಿ ಇರಬೇಕು. ಒಂದು ಬಿಟ್ಟುಹೋಗಿದ್ದರೂ ಬೆಲೆ ಇಳಿಯುತ್ತದೆ. ಓಡಿದ ಕಿಲೋಮೀಟರ್ ಕಡಿಮೆ ಕಾಣಲು ಮೀಟರ್ ತಿರುಗಿಸುವುದು 2005ರಿಂದ ಜೈಲು ಶಿಕ್ಷೆಯಾಗಬಹುದಾದ ಅಪರಾಧ. ವ್ಯಾಪಾರಿಯಿಂದ ಕೊಂಡರೆ, ಮಾರುವಾಗಲೇ ಇದ್ದ ದೋಷಕ್ಕೆ ಕನಿಷ್ಠ ಒಂದು ವರ್ಷ ಅವನೇ ಜವಾಬ್ದಾರ.

ನಮ್ಮ ಕಡೆ? 'ಡಾಕ್ಟ್ರು ಓಡ್ಸಿದ ಗಾಡಿ ಸರ್, ಸಿಂಗಲ್ ಓನರ್, ಒಂದು ಗೀರೂ ಇಲ್ಲ ನೋಡ್ರಿ.' ಅಷ್ಟಕ್ಕೆ ಅಡ್ವಾನ್ಸ್ ಕೊಟ್ಟುಬಿಡುತ್ತೇವೆ. ಗೀರು ಯಾರಿಗೆ ಬೇಕು? ಪಾಲಿಶ್ ಮಾಡಿದರೆ ಗೀರು ಹೋಗುತ್ತದೆ. ಕಾಗದ ಕೇಳಿದರೆ ಮಾರುವವರಿಗೆ ಬೇಜಾರಾಗುತ್ತದೆ ಅನ್ನುವ ನಮ್ಮ ಸಂಕೋಚವನ್ನು ಈ ಒಂದು ವ್ಯವಹಾರದಲ್ಲಾದರೂ ಬಿಡಬೇಕು. ಛಾಸಿ ನಂಬರ್ ಹಿಡಿದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಳೆಯ ದಾಖಲೆ ತೆಗೆಸಿ. ಪ್ರತಿ ಸರ್ವಿಸಿನಲ್ಲೂ ಬರೆದ ಕಿಲೋಮೀಟರ್ ಏರುತ್ತಾ ಬಂದಿದೆಯೇ ನೋಡಿ. ಇನ್ಶೂರೆನ್ಸ್ ಕ್ಲೇಮ್ ಆಗಿದೆಯೇ ಕೇಳಿ. ಮಾರುವವರ ಪರಿಚಯದವನಲ್ಲದ ಮೆಕ್ಯಾನಿಕ್ಕಿನಿಂದ ಸ್ಕ್ಯಾನ್ ಮಾಡಿಸಿ. ಕೆಲವು ಸಾವಿರ ಹೋಗಬಹುದು, ಕೆಲವು ಲಕ್ಷ ಉಳಿಯಬಹುದು.

ಆರಾಮಿನ ಗಾಡಿ ಅಂದ ಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ಕೆಲವು ಮಾಡೆಲ್‌ಗಳಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಏರ್ ಸಸ್ಪೆನ್ಷನ್ ಇರುತ್ತದೆ. ಹೊಸದರಲ್ಲಿ ಸ್ವರ್ಗ. ಆದರೆ ಅದರ ಗಾಳಿಚೀಲ ರಬ್ಬರಿನದು. ರಾಯಚೂರಿನ 42 ಡಿಗ್ರಿ ಬಿಸಿಲು, ಧೂಳು, ವಯಸ್ಸು ಮೂರೂ ಸೇರಿದರೆ ರಬ್ಬರು ಬಿರುಕು ಬಿಡುತ್ತದೆ. ಸೋರುವ ಗಾಳಿಯನ್ನು ತುಂಬಿ ತುಂಬಿ ಕಂಪ್ರೆಸರ್ ಸುಸ್ತಾಗುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದು ನಿಂತಿದ್ದರೆ ಇದೇ ಕಾರಣ. ಹಾಗಾಗಿ ಏಳೆಂಟು ವರ್ಷದ ಕಾರಿನಲ್ಲಿ ಉಕ್ಕಿನ ಸ್ಪ್ರಿಂಗ್, ದಪ್ಪ ಗೋಡೆಯ ಟೈರು ಇರುವುದನ್ನೇ ನಾನು ಆರಿಸುತ್ತೇನೆ. ಡೀಸೆಲ್ ಕಾರಾದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ಬಗ್ಗೆ ಕೇಳಿ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಉದ್ದಕ್ಕೆ ಓಡಿದಾಗಲಷ್ಟೇ ಆ ಮಸಿ ಸುಟ್ಟು ಹೋಗುತ್ತದೆ. ಮನೆಯಿಂದ ಮಿಲ್ಲಿಗೆ, ಮಿಲ್ಲಿಂದ ಮನೆಗೆ ಅಂತ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂಥವರು ಪೆಟ್ರೋಲ್ ಇ 200 ನೋಡುವುದು ಒಳ್ಳೆಯದು.

ಹೈದರಾಬಾದಿನ ಗಾಡಿ ಬೆಂಗಳೂರಿನದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿದೆ ಅನ್ನುವುದು ಅಣ್ಣನ ಇನ್ನೊಂದು ವಾದ. ಅದರಲ್ಲಿ ಲೈಫ್ ಟ್ಯಾಕ್ಸ್ ಸೇರಿಲ್ಲ. ತೆಲಂಗಾಣದ ಕಾರನ್ನು ಗಂಗಾವತಿಯಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು. ಅಲ್ಲಿಂದ ಎನ್‌ಒಸಿ ತರಬೇಕು, ಲೋನ್ ಇದ್ದರೆ ಬ್ಯಾಂಕಿನಿಂದ ತೆರವು ಪತ್ರ, ಆಮೇಲೆ ಇಲ್ಲಿ ಮತ್ತೆ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಈ ತೆರಿಗೆ ಶೇ 18. ಕಾರು ಹಳೆಯದಾದಷ್ಟೂ ಇಳಿಯುತ್ತದೆ, ಆದರೂ ಇಂಥ ಕಾರಿಗೆ ಲಕ್ಷಗಳಲ್ಲೇ ಇರುತ್ತದೆ. ಕೆಎ ನಂಬರಿನ ಕಾರಿಗೆ ಅದನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ. ಆರ್‌ಟಿಒ ಹತ್ತಿರ ಲೆಕ್ಕ ಬರೆಸಿಕೊಳ್ಳದೆ ಹೈದರಾಬಾದಿನ ರೇಟನ್ನು ಬೆಂಗಳೂರಿನ ರೇಟಿಗೆ ಹೋಲಿಸಬೇಡಿ.

ಈ ತಿಂಗಳು ಅಣ್ಣ ಬೆಂಗಳೂರಿಗೆ ಹೋಗುತ್ತಿದ್ದಾರೆ. ಟೆಸ್ಟ್ ಡ್ರೈವಿನಲ್ಲಿ ಮೊದಲು ಹಿಂದೆ ಕೂತುಕೊಳ್ಳಿ, ಆಮೇಲೆ ಸ್ಟೀರಿಂಗ್ ಹಿಡಿಯಿರಿ ಅಂದಿದ್ದೇನೆ. ದೊಡ್ಡಮ್ಮನನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಮೇಲ್ಸೇತುವೆಯ ನುಣುಪು ರಸ್ತೆ ಬೇಡ, ಒಡೆದ ಒಳರಸ್ತೆಯಲ್ಲಿ ಅರ್ಧ ಗಂಟೆ, ಎಸಿ ಹಾಕಿಕೊಂಡು, ರೇಡಿಯೋ ಆಫ್ ಮಾಡಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ, ಹಂಪು ಇಳಿಯುವಾಗ ಏನು ಸದ್ದು ಬರುತ್ತದೆ ಕೇಳಬೇಕು. ಸರ್ವಿಸ್ ದಾಖಲೆಯಲ್ಲಿ ಒಂದು ವರ್ಷ ಕಾಣೆಯಾಗಿದ್ದರೂ ಆ ಗಾಡಿ ಬೇಡ, ಬೇರೆ ಇ-ಕ್ಲಾಸ್ ಹುಡುಕೋಣ. ಆ ಕಾಲದ ಕಾರುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಭತ್ತದ ಹಣವೂ ಕೈಯಲ್ಲೇ ಇದೆ, ಅವಸರವೇನಿಲ್ಲ.