ಹೊಡೆದ ಆರೋಪ ಬಂದ ದಿನವೇ ಅಮಾನತು: ಸರಿಯೇ?

2023ರ ನವೆಂಬರ್ 30ರ ರಾತ್ರಿ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುತ್ತಿದ್ದ ಯುವ ವಕೀಲರೊಬ್ಬರನ್ನು ಪೊಲೀಸರು ತಡೆದರು. ಮಾತಿಗೆ ಮಾತು ಬೆಳೆದು, ಕೊನೆಗೆ ಅದು ಠಾಣೆಯೊಳಗೆ ಹಲ್ಲೆ ನಡೆದ ಆರೋಪಕ್ಕೆ ಬಂದು ನಿಂತಿತು. ವಕೀಲರು ಠಾಣೆಯ ಮುಂದೆ ಧರಣಿ ಕುಳಿತರು. ಆರು ಪೊಲೀಸರು ಅಮಾನತಾದರು, ಪ್ರಕರಣ ದಾಖಲಾಯಿತು. ಎರಡು ದಿನ ಕಳೆಯುವಷ್ಟರಲ್ಲಿ ಪೊಲೀಸರೂ ಅವರ ಮನೆಯವರೂ ಬೀದಿಗಿಳಿದರು. ಒಂದೇ ಊರಿನಲ್ಲಿ ಕಪ್ಪು ಕೋಟು ಮತ್ತು ಖಾಕಿ ಎರಡೂ ನ್ಯಾಯ ಕೇಳಿ ಕೂಗಿದ ಆ ದಿನಗಳಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೊಡೆದರೆಂಬ ಆರೋಪ ಬಂದೊಡನೆ, ತನಿಖೆಗೂ ಮೊದಲೇ, ಪೊಲೀಸರನ್ನು ಅಮಾನತು ಮಾಡಬೇಕೇ? ಎರಡೂ ಕಡೆಯ ವಾದವನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಪರ

ಮಾಡಲೇಬೇಕು. ಅಮಾನತು ಶಿಕ್ಷೆಯಲ್ಲ, ತನಿಖೆಗೆ ದಾರಿ ಬಿಡಿಸುವ ಕ್ರಮ. ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗುತ್ತದೆ. ಆರೋಪ ಬಿದ್ದುಹೋದರೆ ಕೆಲಸವೂ ಮರಳುತ್ತದೆ. ಹೊಡೆಸಿಕೊಂಡವನಿಗೆ ಮರಳುವಂಥದ್ದು ಏನೂ ಇಲ್ಲ.

ಠಾಣೆಯ ಒಳಗೆ ನಡೆದದ್ದಕ್ಕೆ ಸಾಕ್ಷಿ ಹೇಳುವವರು ಯಾರು? ದಿನಚರಿ ಬರೆಯುವುದು ಅದೇ ಠಾಣೆಯ ರೈಟರ್, ಅಂದರೆ ಬರವಣಿಗೆ ನೋಡಿಕೊಳ್ಳುವ ಪೊಲೀಸ್. ಗಾಯಾಳುವನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅದೇ ಠಾಣೆಯ ಪೇದೆ. ಗಾಯ ಹೇಗಾಯಿತೆಂದು ವೈದ್ಯರು ಕೇಳುವಾಗ ಅವನು ಬಾಗಿಲಲ್ಲೇ ನಿಂತಿದ್ದರೆ, 'ಜಾರಿ ಬಿದ್ದೆ' ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಬರುವುದು ಹೇಗೆ? ಬಂಧಿತನಿಗೆ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಬಂಧನದ ಸುದ್ದಿ ಮನೆಯವರಿಗೆ ಮುಟ್ಟಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. ಪ್ರತಿ ಠಾಣೆಯಲ್ಲೂ ಧ್ವನಿ ಸಹಿತ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಕಾಪಾಡಬೇಕು ಎಂದದ್ದು 2020ರಲ್ಲಿ. ಆರೋಪ ಹೊತ್ತವರೇ ಮರುದಿನವೂ ಅದೇ ಕುರ್ಚಿಯಲ್ಲಿ ಕುಳಿತರೆ ದೃಶ್ಯಗಳು ದಾಖಲಾಗುವ ಕ್ಯಾಮೆರಾದ ಪೆಟ್ಟಿಗೆಯೂ ಅವರ ಕೈಯಳತೆಯಲ್ಲೇ ಇರುತ್ತದೆ.

ಚಿಕ್ಕಮಗಳೂರಿನ ವಕೀಲರ ಬೆನ್ನಿಗೆ ಸಂಘವಿತ್ತು. 2023ರ ಡಿಸೆಂಬರ್‌ನಲ್ಲಿ, ವಕೀಲರ ಮೇಲಿನ ಹಿಂಸೆ ತಡೆಯುವ ಮಸೂದೆಗೆ ಬೆಳಗಾವಿಯ ಅಧಿವೇಶನ ಒಪ್ಪಿಗೆ ಕೊಟ್ಟಿತು. ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಇರುವವನ ಬೆನ್ನಿಗೆ ಯಾರಿದ್ದಾರೆ? 2021ರ ಮೇ ತಿಂಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ ತನ್ನನ್ನು ಹೊಡೆದು ಮೂತ್ರ ನೆಕ್ಕಿಸಿದರೆಂದು ದಲಿತ ಯುವಕನೊಬ್ಬ ಆರೋಪಿಸಿದ. ಸಬ್ ಇನ್‌ಸ್ಪೆಕ್ಟರ್ ಅಮಾನತಾಗಿ, ತನಿಖೆ ಸಿಐಡಿಗೆ ಹೋಗಿ, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಂಧನವೂ ಆಯಿತು. ಆ ಅಧಿಕಾರಿ ಅದೇ ಠಾಣೆಯಲ್ಲಿ ಉಳಿದಿದ್ದರೆ ಆ ಯುವಕ ತನ್ನ ಮಾತಿಗೆ ಗಟ್ಟಿಯಾಗಿ ನಿಲ್ಲಬಹುದಿತ್ತೇ? ಅವನ ಪರ ಸಾಕ್ಷಿ ಹೇಳಲು ಊರಿನ ಯಾರಾದರೂ ಮುಂದೆ ಬರುತ್ತಿದ್ದರೇ?

ಇಂಥ ಒಂದು ಸುದ್ದಿ ತೋಟದಿಂದ ತೋಟಕ್ಕೆ ಹೇಗೆ ಹರಿಯುತ್ತದೆ ಎಂಬುದನ್ನು ಮಲೆನಾಡಿನಲ್ಲಿ ಬದುಕಿದವರು ಬಲ್ಲರು. ಕುಡಿದು ಹೊಡೆಯುವ ಗಂಡನ ಮೇಲೆ ದೂರು ಕೊಡಬೇಕಾದ ಹೆಂಗಸು ಠಾಣೆಯ ದಾರಿ ಹಿಡಿಯುವುದಿಲ್ಲ. ಮೆಣಸಿನ ಮೂಟೆ ಕದ್ದವನನ್ನು ಕಂಡವನು ಕಾಣಲಿಲ್ಲ ಎನ್ನುತ್ತಾನೆ. ಕೊಯ್ಲಿಗೆಂದು ಅಸ್ಸಾಮಿನಿಂದ ಬಂದವನಿಗೆ ಭಾಷೆಯೂ ಬಾರದು. ಜೀಪು ಕಂಡರೆ ಗಿಡದ ಮರೆಗೆ ಸರಿಯುತ್ತಾನೆ. ಒಬ್ಬನ ಬೆನ್ನಿಗೆ ಬಿದ್ದ ಏಟಿಗೆ ಇಡೀ ಲೈನು ಬಾಯಿ ಮುಚ್ಚುತ್ತದೆ. ಆ ಬಾಯಿ ಮತ್ತೆ ತೆರೆಯಬೇಕಾದರೆ ಆರೋಪಿ ಅಧಿಕಾರಿ ಠಾಣೆಯಲ್ಲಿಲ್ಲ ಎಂಬುದು ಕಣ್ಣಿಗೆ ಕಾಣಬೇಕು.

ವಿರೋಧ

ಮೇಲೆ ಬರೆದ ಲೈನ್ ಮನೆಯ ಮೌನವನ್ನು ನಾನು ಅಲ್ಲಗಳೆಯುವುದಿಲ್ಲ. ಅಮಾನತು ಆ ಮೌನವನ್ನು ಒಡೆಯುತ್ತದೆ ಎಂಬುದನ್ನು ಮಾತ್ರ ನಂಬಲಾರೆ.

ಅಮಾನತಿನ ಆದೇಶಕ್ಕೆ ಒಂದು ಹಾಳೆ ಸಾಕು. ಅದು ಹೊರಬಿದ್ದ ಸಂಜೆ ಧರಣಿಯ ಶಾಮಿಯಾನ ಬಿಚ್ಚುತ್ತಾರೆ, ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿ ಬರುತ್ತದೆ, ಊರು ಸಮಾಧಾನಗೊಳ್ಳುತ್ತದೆ. ಕೆಲವು ತಿಂಗಳಲ್ಲಿ ಆದೇಶ ತೆರವಾಗಿ ಅದೇ ಅಧಿಕಾರಿ ಇನ್ನೊಂದು ತಾಲ್ಲೂಕಿನಲ್ಲಿ ಹಾಜರಾದರೆ ಅದನ್ನು ಕೇಳಲು ಯಾರೂ ಉಳಿದಿರುವುದಿಲ್ಲ. ತಪ್ಪೊಪ್ಪಿಗೆ ಹೊರಡಿಸಲು ಗಾಯಪಡಿಸಿದರೆ ಏಳು ವರ್ಷದವರೆಗೆ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ ಸಜೆ ಎಂದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮು ಹೇಳುತ್ತದೆ. ಆ ಶಿಕ್ಷೆಯವರೆಗೆ ನಡೆಯಬೇಕಾದ ಸಮಾಜ ಮೊದಲ ಮೆಟ್ಟಿಲಲ್ಲೇ ತೃಪ್ತಿಪಟ್ಟು ಮನೆಗೆ ಹೋಗುತ್ತದೆ.

ಇನ್ನು ಏಟು ಹುಟ್ಟುವುದೆಲ್ಲಿ? ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆದರೆ ಆ ಹೇಳಿಕೆಯಿಂದ ಕದ್ದ ಮಾಲು ಸಿಕ್ಕರೆ, ಹೇಳಿಕೆಯ ಅಷ್ಟು ಭಾಗವನ್ನು ಕಾನೂನು ಒಪ್ಪುತ್ತದೆ. ಹಾಗಾಗಿ ಎಲ್ಲರಿಗೂ ಬೇಕಾಗಿರುವುದು 'ರಿಕವರಿ'. ಸರ ಕಳೆದುಕೊಂಡ ಮನೆಯವರು ಠಾಣೆಗೆ ಬಂದು 'ನಾಲ್ಕು ಬಿಡಿ ಸಾರ್, ಬಾಯಿ ಬಿಡುತ್ತಾನೆ' ಎನ್ನುತ್ತಾರೆ. ಮೇಲಧಿಕಾರಿ ದಿನಾ ಫೋನ್ ಮಾಡಿ 'ಏನಾಯಿತು' ಎಂದು ಕೇಳುತ್ತಾರೆ. ದತ್ತ ಜಯಂತಿಯ ಬಂದೋಬಸ್ತ್ ಮುಗಿಸಿ ನಿದ್ದೆಗೆಟ್ಟು ಬಂದ ಪೇದೆಯ ಕೈಗೇ ಲಾಠಿಯೂ ತನಿಖೆಯೂ ಬೀಳುತ್ತವೆ. ಇದು ಹೊಡೆತಕ್ಕೆ ಸಮರ್ಥನೆಯಲ್ಲ. ಆದರೆ ಅಮಾನತು ಕಿತ್ತೊಗೆಯುವುದು ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ. ಫೋನ್ ಮಾಡಿದವರಿಗೆ ನೋಟಿಸೂ ಬರುವುದಿಲ್ಲ, ನಾಲ್ಕು ಬಿಡಿ ಎಂದವರಿಗೆ ನಾಚಿಕೆಯೂ ಆಗುವುದಿಲ್ಲ.

ಸುಳ್ಳು ಆರೋಪಗಳೂ ಇರುತ್ತವೆ. ಆ ವಾದವನ್ನು ನಾನು ದೊಡ್ಡದು ಮಾಡುವುದಿಲ್ಲ. ಅದನ್ನು ಮುಂದಿಟ್ಟು ನಿಜವಾದ ಗಾಯಗಳನ್ನು ಮುಚ್ಚಿದ್ದೇ ಹೆಚ್ಚು. ನನ್ನನ್ನು ಹೆಚ್ಚು ಕಾಡುವುದು ತಾರತಮ್ಯ. ಬೀದಿಯಲ್ಲಿ ಎಷ್ಟು ಜನ ಸೇರಿದರು ಎಂಬುದರ ಮೇಲೆ ಅಮಾನತು ನಿಂತಿದ್ದರೆ, ಜನ ಸೇರಿಸಲಾಗದವನಿಗೆ ಅದು ಎಂದೂ ಸಿಗುವುದಿಲ್ಲ. ಅವನಿಗೆ ಬೇಕಾದದ್ದು ಸದ್ದಿಲ್ಲದೆಯೂ ನಡೆಯುವ ಒಂದು ವ್ಯವಸ್ಥೆ. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಪೊಲೀಸ್ ದೂರು ಪ್ರಾಧಿಕಾರ ಜಿಲ್ಲೆಗೊಂದು ಇರಬೇಕೆಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2006ರ ತೀರ್ಪು ಹೇಳಿತು. ಕರ್ನಾಟಕ 2012ರಲ್ಲಿ ತನ್ನ ಪೊಲೀಸ್ ಕಾಯ್ದೆಯನ್ನು ತಿದ್ದಿ ಅದಕ್ಕೆ ಜಾಗ ಮಾಡಿತು. ಆ ಪ್ರಾಧಿಕಾರಕ್ಕೆ ದೂರು ಕೊಡುವುದು ಹೇಗೆಂದು ಆಲ್ದೂರಿನ ಸಂತೆಯಲ್ಲಿ ಕೇಳಿದರೆ ಹೇಳುವವರು ಎಷ್ಟು ಜನ ಸಿಕ್ಕಾರು?

ಆರೋಪಿ ಅಧಿಕಾರಿಯನ್ನು ಠಾಣೆಯಿಂದ ದೂರವಿಡಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಅದೇ ರಾತ್ರಿ ಜಿಲ್ಲೆಯಾಚೆಗೆ ಕಳುಹಿಸಲಿ, ಬೇರೆ ಕೆಲಸಕ್ಕೆ ಹಾಕಲಿ. ಆದರೆ ಅದಕ್ಕೂ ಮೊದಲು ಕ್ಯಾಮೆರಾದ ಪೆಟ್ಟಿಗೆಗೆ ಮೊಹರು ಬಿದ್ದು ಅದು ಮ್ಯಾಜಿಸ್ಟ್ರೇಟರ ಮುಂದೆ ಹೋಗಲಿ. ಗಾಯಗೊಂಡವನನ್ನು ವೈದ್ಯರು ಪರೀಕ್ಷಿಸುವಾಗ ಕೋಣೆಯಲ್ಲಿ ಖಾಕಿ ಇರದಿರಲಿ. ಕನ್ನಡ ಬಾರದವನ ಹೇಳಿಕೆಯನ್ನು ಅವನ ಭಾಷೆ ಬಲ್ಲವರನ್ನು ಕೂರಿಸಿಕೊಂಡು ಬರೆದುಕೊಳ್ಳಲಿ. ಆ ದಿನ ಠಾಣೆಗೆ ಯಾರು ಯಾರು ಫೋನ್ ಮಾಡಿದ್ದರು ಎಂಬ ಪಟ್ಟಿಯೂ ತನಿಖೆಯ ಕಡತದೊಳಗೆ ಸೇರಲಿ.