ಗಡಿಗೆಗೆ ಕುಂಬಾರ, ಹುತ್ತಕ್ಕೆ ಯಾರು?

ಜಗತ್ತಿನ ರಚನೆ ನೋಡಿ ದೇವರಿದ್ದಾನೆ ಎಂದು ಸಾಧಿಸುವ ಮಾತು ಬಂದರೆ ಸಾಕು, ಗಡಿಯಾರವಿದ್ದರೆ ಅದನ್ನು ಮಾಡಿದವನೂ ಇರಲೇಬೇಕೆಂದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ಹೇಳಿದ ಉದಾಹರಣೆಗೇ ಎಲ್ಲರೂ ಹೋಗುತ್ತಾರೆ. ಅದಕ್ಕೂ ಸುಮಾರು ಎಂಟು ನೂರು ವರ್ಷ ಮೊದಲೇ ಮಿಥಿಲೆಯ ಉದಯನಾಚಾರ್ಯರು 'ನ್ಯಾಯಕುಸುಮಾಂಜಲಿ'ಯಲ್ಲಿ ಇದಕ್ಕಿಂತ ಬಿಗಿಯಾದ ವಾದ ಕಟ್ಟಿದ್ದರು. ನಾವು ಅದನ್ನು ಓದದೆ ಬಿಟ್ಟಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಉದಯನರ ಮುಖ್ಯ ಅನುಮಾನ, ಅಂದರೆ ಕಂಡದ್ದರಿಂದ ಕಾಣದ್ದನ್ನು ಸಾಧಿಸುವ ತರ್ಕ, ಸೃಷ್ಟಿಯ ಸೊಬಗನ್ನು ನೆಚ್ಚಿಕೊಂಡಿಲ್ಲ. ಭೂಮಿ ಮೊದಲಾದವಕ್ಕೆ ಕರ್ತೃ ಇದ್ದಾನೆ, ಏಕೆಂದರೆ ಅವು ಕಾರ್ಯಗಳು, ಅಂದರೆ ಕಾರಣದಿಂದ ಹುಟ್ಟಿದವು, ಗಡಿಗೆಯ ಹಾಗೆ. ಅಷ್ಟೇ. ಅವು ಕಾರ್ಯವೆಂದು ಗೊತ್ತಾಗುವುದು ಹೇಗೆ? ಅವಕ್ಕೆ ಅವಯವಗಳಿವೆ, ಅಂದರೆ ಬಿಡಿ ಭಾಗಗಳಿವೆ, ಅವಯವ ಕೂಡಿ ಆದದ್ದು ಒಂದು ಕಾಲದಲ್ಲಿ ಹುಟ್ಟಿದ್ದೇ.

ವಾದದ ನಿಜವಾದ ಕಸುವು 'ಕರ್ತೃ' ಎಂಬ ಪದದ ಲಕ್ಷಣದಲ್ಲಿದೆ. ಯಾವುದರಿಂದ ಮಾಡಬೇಕೋ ಆ ಉಪಾದಾನದ ನೇರ ಅರಿವು, ಮಾಡಬೇಕೆಂಬ ಇಚ್ಛೆ, ಪ್ರಯತ್ನ, ಈ ಮೂರೂ ಇದ್ದವನೇ ಕರ್ತೃ. ಕಿಟಕಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ತೇಲುವ ಒಂದು ಧೂಳಿನ ಕಣ ನೋಡಿ. ಉದಯನರಂಥ ನ್ಯಾಯದರ್ಶನದ ಪಂಡಿತರಾದ ನೈಯಾಯಿಕರ ಲೆಕ್ಕದಲ್ಲಿ ಅದು ತ್ರ್ಯಣುಕ: ಎರಡು ಪರಮಾಣು ಸೇರಿ ದ್ವ್ಯಣುಕ, ಅಂಥ ಮೂರು ಸೇರಿ ಕಣ್ಣಿಗೆ ಕಾಣುವ ಈ ಕಣ. ಅಂದರೆ ಆರು ಪರಮಾಣು. ಜಗತ್ತಿನ ಉಪಾದಾನ ಪರಮಾಣುಗಳೇ ಆದ್ದರಿಂದ ಅವನ್ನು ನೇರವಾಗಿ ಬಲ್ಲವನು ನಮ್ಮಂಥವನಾಗಿರಲಾರ. ಕುಂಬಾರನಿಂದ ಸರ್ವಜ್ಞನವರೆಗಿನ ದಾರಿ ಇದು.

ಯಾರೂ ಬಿತ್ತದ ಕಾಡಿನ ಹುಲ್ಲು ಮೊಳೆಯುತ್ತದಲ್ಲ, ಅದರ ಕರ್ತೃ ಎಲ್ಲಿ ಎಂದು ಕೇಳಿದರೆ ನೈಯಾಯಿಕರು ಜಗ್ಗುವುದಿಲ್ಲ. ಆ ಮೊಳಕೆಯೂ 'ಪಕ್ಷ'ಕ್ಕೇ, ಅಂದರೆ ಕರ್ತೃ ಇದ್ದಾನೋ ಇಲ್ಲವೋ ಎಂದು ವಿವಾದದಲ್ಲಿರುವ ವಸ್ತುಗಳಿಗೇ ಸೇರಿದ್ದು, ಅದನ್ನೇ ಎದುರುದಾಹರಣೆ ಮಾಡುವಂತಿಲ್ಲ ಎನ್ನುತ್ತಾರೆ. ಈ ಉತ್ತರ ನ್ಯಾಯವಾದದ್ದೇ.

ವಾದ ಸೋಲುವುದು ವ್ಯಾಪ್ತಿಯಲ್ಲಿ, ಅಂದರೆ ಕಾರ್ಯವಿದ್ದಲ್ಲೆಲ್ಲ ಕರ್ತೃ ಇದ್ದೇ ಇರುತ್ತಾನೆಂಬ ನಿಯಮದಲ್ಲಿ. ಉದಯನರಿಗಿಂತ ಶತಮಾನಗಳ ಹಿಂದಿನ ಬೌದ್ಧ ಧರ್ಮಕೀರ್ತಿ ಒಂದು ಹುತ್ತವನ್ನು ತೋರಿಸಿದ್ದ. ಮಣ್ಣಿನಿಂದಾದ ಗಡಿಗೆಯನ್ನು ಕುಂಬಾರ ಮಾಡಿದನೆಂದು ಮಣ್ಣಿನ ಹುತ್ತವನ್ನೂ ಅವನೇ ಮಾಡಿದನೇ? ಗಡಿಗೆಗೂ ಬೆಟ್ಟಕ್ಕೂ 'ರಚನೆ' ಎಂಬ ಪದವೊಂದೇ ಸಮಾನ. ಪದದ ಹೋಲಿಕೆ ಹಿಡಿದು ಹೊರಟರೆ, ಹೊಗೆ ಬೆಳ್ಳಗಿರುತ್ತದೆಂದು ಬೆಳ್ಳಗೆ ಕಂಡದ್ದರ ಅಡಿಯಲ್ಲೆಲ್ಲ ಬೆಂಕಿ ಇದೆ ಎಂದಂತಾಗುತ್ತದೆ.

ನನ್ನನ್ನು ಇದಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುವುದು ಆಸ್ತಿಕರ ಆಕ್ಷೇಪ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಬ್ರಹ್ಮಸೂತ್ರಗಳಿಗೆ ಬರೆದ ವ್ಯಾಖ್ಯಾನವಾದ ಶ್ರೀಭಾಷ್ಯದಲ್ಲಿ, ಬ್ರಹ್ಮವನ್ನು ತಿಳಿಯಲು ಶಾಸ್ತ್ರವೇ ಮೂಲವೆನ್ನುವ 'ಶಾಸ್ತ್ರಯೋನಿತ್ವಾತ್' ಸೂತ್ರದ ಬಳಿ ಈ ಅನುಮಾನವನ್ನು ಎಳೆಎಳೆಯಾಗಿ ಬಿಡಿಸುತ್ತಾರೆ. ಭೂಮಿ, ಸಮುದ್ರ, ಬೆಟ್ಟ ಎಲ್ಲವೂ ಒಂದೇ ಕಾಲಕ್ಕೆ ಒಬ್ಬನಿಂದಲೇ ಆದವೆಂಬುದಕ್ಕೆ ಆಧಾರವೇನು? ಬೇರೆಬೇರೆ ಕಾಲದಲ್ಲಿ ಬೇರೆಬೇರೆಯವರು ಮಾಡಿರಬಾರದೇಕೆ? ಕಂಡ ಕರ್ತೃಗಳಿಗೆಲ್ಲ ಶರೀರವಿದೆ, ಈಶ್ವರನಿಗೂ ಇದೆಯೇ? ಉಡುಪಿಯ ಮಧ್ವಾಚಾರ್ಯರದೂ ಇದೇ ನಿಲುವು: ಬರಿಯ ಅನುಮಾನದಿಂದ ಈಶ್ವರ ಸಿದ್ಧಿಸುವುದಿಲ್ಲ, ಅದಕ್ಕೆ ವಿರುದ್ಧವಾದದ್ದನ್ನೂ ಹಾಗೆಯೇ ಅನುಮಾನಿಸಬಹುದು. ಇಬ್ಬರಿಗೂ ಆಧಾರ ಶಾಸ್ತ್ರ. ಗಡಿಗೆಯ ಉದಾಹರಣೆಯನ್ನು ಕೊನೆಯವರೆಗೆ ಎಳೆದರೆ ಸಿಗುವುದು ಮೈಯುಳ್ಳ, ಮಿತಿಯುಳ್ಳ, ಕರ್ಮಕ್ಕೆ ಕಟ್ಟುಬಿದ್ದ ಒಬ್ಬ ಕರ್ತೃ. ಅಂಥವನನ್ನು ನಾರಾಯಣನೆಂದು ಒಪ್ಪಲು ರಾಮಾನುಜರು ಸಿದ್ಧರಿರಲಿಲ್ಲ.